ಗಲಿಬಿಲಿ ಘಾಟಿನ ಕಸಬರಿಗಿ ಗಾಡಿ

ಗಂಡನ್ನ ಕಸಬರಿಗಿ ಬಂದು ಬಳಕೊಂಡು ಹೋಗಲಿ ಅಂತ ದೇವರಿಗೆ ಕೈ ಮುಗದಾಕಿ ಈ ಲಂಡನ್ನಿನಾಗ ನಾ ಒಬ್ಬಾಕಿನೇ ಇರಬೇಕು. ಸಿಟ್ಟಿಗೆ ಬೈದದ್ದಲ್ಲರಿ ಇದು. ಮುಂಜಾನಿಂದ ಮಧ್ಯಾಹ್ನದ ತನಕ, ವಿಮಾನ ನಿಲ್ದಾಣದ ಬಾಜೂಕಿನ ಹೇಸ್‌ನ ನಮ್ಮ ಬಾಡಿಗಿ ಮನಿಯ ಮುಂದಿನ ಖೋಲ್ಯಾಗ ಕುಂತು, ಖರೇನ ಹಂಗ ಬೇಡಿಕೊಂಡೀನಿ.

ನಮ್ಮನಿಯವರದು ವಿಜಯಪುರದ ಕಡೆ ಹಳ್ಳಿ. ಆ ಕಡೆ ಹುಡುಗರಿಗೆ ಸೈಕಲ್ ರೇಸಿನ ಹುಚ್ಚು ಎಷ್ಟಂದ್ರ, ಮನ್ಯಾಗ ಜ್ವಾಳ ಇರಲಿ ಬಿಡಲಿ, ಸೈಕಲ್ಲಿನ ಟಾಯರ್ ಮಾತ್ರ ಹೊಸಾದಿರಬೇಕು. ಇವರೂ ಕ್ರೀಡಾ ಹಾಸ್ಟೆಲ್‌ನಾಗ ಇದ್ದು ರೇಸ್ ಹೊಡದವರು. ಪದಕ ಬಂದ್ವು, ಪ್ಯಾಪರ್‌ನಾಗ ಫೋಟೋ ಬಂತು, ನೌಕರಿ ಮಾತ್ರ ಬರಲಿಲ್ಲ. ಆದ್ರ ಆ ಸೀಮಿ ಪೂರಾ ಅಂಗೈಯಂಗ ಸಪಾಟ. ಏರು ಅಂದ್ರ ರೈಲ್ವೆ ಓವರ್‌ಬ್ರಿಜ್, ಗುಡ್ಡದ ಬದಲಿ ಎದುರುಗಾಳಿ. ಇವರು, ನಾ ಒಂದೂ ಘಾಟ ಹತ್ತಿದವಲ್ಲ, ಘಾಟ ಹತ್ತದವ ಸೈಕಲ್ ತುಳದಾನು, ಸೈಕ್ಲಿಸ್ಟ್ ಅನ್ನಿಸಿಕೊಳ್ಳಂಗಿಲ್ಲ ಅಂತ ಯಾವಾಗಲೂ ಕೊರಗತಿದ್ರು. ಲಂಡನ್ನಿಗೆ ಬಂದ ಮ್ಯಾಲ ಇರೂದು ಗೋದಾಮಿನಾಗ ಡಬ್ಬಿ ಎತ್ತೂ ಫೋರ್ಕ್‌ಲಿಫ್ಟ್ ನಡಸೂ ಕೆಲಸ, ಚಿಂತಿ ಮಾತ್ರ ಘಾಟಿಂದು. ನನಗ ಅದರ ತಲಿ ಬುಡ ತಿಳೀತಿರಲಿಲ್ಲ.

ಜುಲೈ ಬಂತಂದ್ರ ನಮ್ಮ ಟಿವಿ ಫ್ರಾನ್ಸ್ ದೇಶಕ್ಕ ಹೋಗಿಬಿಡತಿತ್ತು. ಅಲ್ಲಿ ಒಂದು ದೊಡ್ಡ ರೇಸ್ ನಡೀತದ, ದಿನಾ ಒಂದೊಂದು ಊರಿಂದ ಇನ್ನೊಂದು ಊರಿಗೆ. ಸಪಾಟ ದಾರಿ ಇದ್ದ ದಿನ ಇವರು ಅರ್ಧಾ ಕಣ್ಣು ಮುಚ್ಚಿ ನೋಡವರು. ಬೆಟ್ಟದ ದಿನ ಬಂತೋ, ಚಾದ ಕಪ್ ಕೊಟ್ರೂ ಕೈಯಾಗೇ ಆರತಿತ್ತು. ಅದರಾಗ ಒಂದು ಘಾಟದ ಮ್ಯಾಲ ಇವರ ಜೀವ. ಟಿವಿಯವ 'ಗಲಿಬಿಯೇ' ಅಂತಿದ್ದ, ನನ್ನ ಕಿವಿಗೆ ಗಲಿಬಿಲಿ ಅಂತ ಕೇಳಸ್ತು. ಏನ್ರೀ ಇವತ್ತೂ ಗಲಿಬಿಲಿ ಘಾಟೇನು ಅಂದೆ. ಮೊದಲು ಹೊಟ್ಟಿ ಹಿಡಕೊಂಡು ನಕ್ಕ್ರು, ಆಮ್ಯಾಲೆ ತಾವೂ ಹಂಗೇ ಅನ್ನಾಕತ್ತಿದ್ರು. ಮಗಳು ಮಾತ್ರ ಇಂಗ್ಲಿಷಿನಾಗ ನಮ್ಮಿಬ್ಬರನ್ನೂ ತಿದ್ದಾಕಿ. ಆಕಿಗೆ ಕನ್ನಡ ಎಲ್ಲಾ ತಿಳೀತದ, ಬೈದ್ರ ಇನ್ನೂ ಚೊಲೋ ತಿಳೀತದ, ಬಾಯಿ ಮಾತ್ರ ಇಂಗ್ಲಿಷು.

ಆ ಘಾಟದ ಕಥಿ ಕೇಳಿ ಕೇಳಿ ನನಗೂ ಬಾಯಿಪಾಠ ಆಗಿತ್ತು. ಎರಡು ಕಣಿವಿ ನಡಬರಕ ಮುಗಿಲಿಗೆ ಹತ್ತಿದಂಥ ದಾರಿ. ಚಳಿಗಾಲ ಪೂರಾ ಹಿಮದಾಗ ಹುಗದಿರತದ, ಬೇಸಿಗ್ಯಾಗ ಹಿಮಾ ಕಡದು ದಾರಿ ಬಿಡಿಸತಾರ. ನೂರು ವರ್ಷದ ಮ್ಯಾಲಾತು ರೇಸ್ ಅದನ್ನ ಹತ್ತಾಕ ಸುರು ಮಾಡಿ. ಮೊದಲ ಸಲ ಬಂದವರಾಗ ಭಾಳ ಮಂದಿ ಸೈಕಲ್ ನೂಕ್ಕೋಂತ ನಡದಿದ್ರಂತ. ಮ್ಯಾಲ ಹೋದಂಗ ಗಿಡ ಇಲ್ಲ, ನೆಳ್ಳಿಲ್ಲ, ಉಸಿರು ಸಾಲಂಗಿಲ್ಲ. ತುದಿ ಸಮೀಪ ಬಂತು ಅನ್ನೂದರಾಗ ಮೋಟಾರಿನವರಿಗೆ ಒಂದು ಸುರಂಗ ಅದ, ಆದ್ರ ರೇಸಿನವರು ಅದರೊಳಗ ಹೋಗಂಗಿಲ್ಲ, ಸುರಂಗದ ನೆತ್ತಿ ಮ್ಯಾಲಿಂದ ಹಾದು ಹೋಗಬೇಕು. ಅಲ್ಲೇ ಏರು ಎಲ್ಲಾಕಿಂತ ಕಡಕು. ಅಲ್ಲಿತನಕ ಗುಂಪಿನಾಗ ಅಡಗಿಕೊಂಡು ಬಂದವ ಅಲ್ಲಿ ಬಯಲಿಗೆ ಬೀಳತಾನ, ಯಾರ ಗಂಡಸ್ತನ ಎಷ್ಟು ಅಂತ ಆ ಘಾಟ ಹೇಳತದ ಅಂತಿದ್ರು ಇವರು. ಗಂಡಸ್ತನದ ಮಾತು ಬಂದಾಗೆಲ್ಲಾ ನಾ ಎದ್ದು ಅಡಗಿಮನಿಗೆ ಹೋಗತಿದ್ದೆ.

ನನಗ ಆ ರೇಸಿನಾಗ ಹಿಡಿಸಿದ್ದು ಒಂದೇ, ಎಲ್ಲಾರ ಹಿಂದ ಬರೂ ಗಾಡಿ. ಸೋತು ಕುಂತವರನ್ನ, ಬ್ಯಾನಿ ಬಂದವರನ್ನ, ವ್ಯಾಳ್ಯಾಕ್ಕ ಮುಟ್ಟಲಾರದವರನ್ನ ಅದು ಬಳಕೊಂಡು ಬರತದ. ಅದಕ್ಕ ಆ ಮಂದಿ ಕಸಬರಿಗಿ ಗಾಡಿ ಅಂತನೇ ಹೆಸರು ಇಟ್ಟಾರ. ಹಿಂದಕ ಖರೇನ ಒಂದು ಕಸಬರಿಗಿ ಕಟ್ಟಕೊಂಡು ಬರತಿತ್ತಂತ. ನಮ್ಮನಿಯವರಿಗೆ ಅದನ್ನ ಕಂಡ್ರ ಆಗತಿರಲಿಲ್ಲ. ನಮ್ಮ ಕಡೆ ಸಿಟ್ಟಿನಾಗೂ ಯಾರಿಗೂ ಕಸಬರಿಗಿ ಮುಟ್ಟಸಂಗಿಲ್ಲ, ಅಪ್ಪಿತಪ್ಪಿ ತಾಗಿದ್ರೂ ಕಾಲಿಗೆ ಬಿದ್ದಷ್ಟು ಮಾಡತೀವಿ. ಅಂಥಾದ್ರಾಗ ರೇಸ್ ಹೊಡದ ಮನಷ್ಯಾ ಕಸಬರಿಗಿ ಗಾಡ್ಯಾಗ ಕುಂತು ಊರು ಸೇರೂದಂದ್ರ ಸತ್ತಂಗೇ ಅಂತಿದ್ರು.

ಆ ದೊಡ್ಡ ರೇಸಿನ ದಾರಿ ಮ್ಯಾಲ ಬ್ಯಾಸಿಗ್ಯಾಗ ಒಂದು ದಿನ ಸಾದಾ ಮಂದಿಗೂ ತುಳಿಯಾಕ ಬಿಡತಾರ. ವರ್ಷಾ ವರ್ಷಾ ಬ್ಯಾರೆ ಬ್ಯಾರೆ ಘಾಟ. ಆ ವರ್ಷ ನಸೀಬಾನೋ ಕರ್ಮಾನೋ, ಗಲಿಬಿಲಿ ಬಂತು. ಇವರಿಗೆ ಜಾಗಾನೂ ಸಿಕ್ತು. ಹಿಂದಿನ ಚಳಿಗಾಲದಾಗೇ ಇವರ ಎದ್ಯಾಗ ಸ್ಟೆಂಟ್ ಹಾಕಿದ್ರು. ಅದಕ್ಕ ಮೊದಲು ಒಂದಿನ, ಇಲ್ಲೇ ಲಂಡನ್ನಿನ ಹ್ಯಾರೋದ ಗುಡ್ಡ ಹತ್ತಿ ಇಳದು, ಮತ್ತ ಹತ್ತಿ ಇಳದು, ಬೆವತು ತೊಪ್ಪಿ ಆಗಿ ಮನಿಗೆ ಬಂದು ಬಾಗಲದಾಗೇ ಕುಸದಿದ್ರು. ಆಸ್ಪತ್ರಿ ಡಾಕ್ಟರು ಸಪಾಟ ದಾರ್ಯಾಗ ಹಗೂರಕ ಸೈಕಲ್ ತುಳೀರಿ, ಬೆಟ್ಟದ ಹೆಸರು ತಗೀಬ್ಯಾಡ್ರಿ ಅಂತ ನನ್ನ ಮುಂದೇ ಹೇಳಿದ್ರು. ಇವರು ಸಾಲಿ ಹುಡುಗನಂಗ ಗೋಣು ಹಾಕಿದ್ರು. ಮನಿಗೆ ಬಂದು ಆ ಡಾಕ್ಟರಿಗೆ ಸೈಕಲ್ ಬಗ್ಗೆ ಏನು ಗೊತ್ತದ ಅಂದ್ರು.

ನಾ ಬಿಟ್ಟಿನೇನು. ಅತ್ತೆ, ಕರದೆ, ಉಪಾಸ ಕುಂತೆ, ವಾರಗಟ್ಟಲೆ ಮಾತು ಬಿಟ್ಟೆ. ಮಗಳ ಕಡಿಂದ ಹೇಳಿಸಿದೆ. ವಿಮಾನಕ್ಕ ಊಟ ಕಟ್ಟೂ ಕಂಪನ್ಯಾಗ ನನ್ನ ಕೆಲಸ, ಅಲ್ಲಿ ಊಟದ ತಾಟು ತುಂಬೂವಾಗೂ ನನ್ನ ಕಣ್ಣಾಗ ನೀರು. ಇವರು ಸಿಟ್ಟಾಗಲಿಲ್ಲ, ಸೋತ ದನಿಲೆ ಒಂದೇ ಮಾತು ಅಂದ್ರು. "ನನ್ನ ಕಡಿ ಏನದ ಹೇಳು. ದಿನಾ ಡಬ್ಬಿ ಎತ್ತತೀನಿ, ಡಬ್ಬಿ ಇಳಸತೀನಿ. ಇದೊಂದು ಹತ್ತಿ ಇಳೀತೀನಿ." ಆ ಮಾತಿಗೆ ನನ್ನ ಸಿಟ್ಟು ಇನ್ನಷ್ಟು ಏರ್ತು.

ತಡಿಯಾಕ ಆಗಂಗಿಲ್ಲ ಅಂತ ಗಟ್ಟಿ ಆದ ಮ್ಯಾಲ ನಾ ಆಣಿ ಹಿಡದೆ. ಯಾಕಂದ್ರ ಅವರ ಮನ್ಯಾಗ ಆಣಿ ಅಂದ್ರ ಚ್ಯಾಷ್ಟಿ ಅಲ್ಲ. ಇವರ ಕಾಕಾ ಒಬ್ಬರು ಹೊಲದ ಬದುವಿನ ಜಗಳದಾಗ ಮಂದಿ ಮುಂದ ಸ್ವಂತ ಮಗನ ತಲಿ ಮುಟ್ಟಿ ಸುಳ್ಳು ಆಣಿ ಮಾಡಿದ್ರಂತ. ಆ ಮಳಿಗಾಲ ಮುಗಿಯೂದರಾಗ ಹುಡುಗ ಹಾವು ಕಡದು ಹೋದ. ಇವರೂ ಆ ಹುಡುಗನೂ ಒಂದೇ ತಾಟಿನಾಗ ಉಂಡು ಬೆಳದವರು. ಆಣಿ ಮುರದ್ರ ಮುರದವಗ ಏನೂ ಆಗಂಗಿಲ್ಲ, ಯಾರ ತಲಿ ಮುಟ್ಟಿರತಾನೋ ಅವರ ಜೀವ ಹೋಗತದ ಅನ್ನೂದು ಇವರಿಗೆ ಹಗಲು ರಾತ್ರಿಯಷ್ಟು ಖರೇ. ಲಂಡನ್ನಿಗೆ ಬಂದು ಇಷ್ಟು ವರ್ಷಾದ್ರೂ ಆಟಕ್ಕೂ ಆಣಿ ಅಂದವರಲ್ಲ.

ಹೊಂಟ ದಿನ ಮುಂದಿನ ಖೋಲ್ಯಾಗ ಸೈಕಲ್ ಬಿಚ್ಚಿ ಪೆಟ್ಟಿಗ್ಯಾಗ ಹಾಕಾಕತ್ತಿದ್ರು. ಎದುರು ಹೋಗಿ ಕುಂತೆ. ಹೋಗೂದಾದ್ರ ಹೋಗ್ರಿ, ನನ್ನ ತಲಿ ಮುಟ್ಟಿ ಒಂದು ಮಾತು ಕೊಟ್ಟು ಹೋಗ್ರಿ ಅಂದೆ. ಮಾರಿ ಸಣ್ಣದಾತು. ಭಾಳ ಹೊತ್ತು ಸರಪಳಿ ಒರಸಿಕೋಂತ ಕುಂತ್ರು. ಆಮ್ಯಾಲೆ ಆ ಎಣ್ಣಿ ಕೈನೇ ನನ್ನ ತಲಿ ಮ್ಯಾಲ ಇಟ್ಟರು.

"ಎದಿ ನೋಯ್ತಂದ್ರ, ಒಂದೀಟು ಬಿಗದ್ರೂ, ಕಸಬರಿಗಿ ಗಾಡಿ ಹತ್ತತೀನಿ. ನಿನ್ನ ಆಣಿ."

ನನಗ ಅದು ಸಾಕಾತು. ಶೇಂಗಾ ಹೋಳಿಗಿ ಮಾಡಿ ಕಟ್ಟಿಕೊಟ್ಟೆ, ರೇಸಿನವರು ದಾರ್ಯಾಗ ಚೀಪೂ ಆ ಪ್ಲಾಸ್ಟಿಕ್ ಪಾಕೀಟಿನಾಗಿನ ಸಿಹಿ ಅಂಟು ಅವರಿಗೆ ಒಗ್ಗತಿರಲಿಲ್ಲ.

ರೇಸಿನ ದಿನ ಮಗಳು ತನ್ನ ಫೋನಿನಾಗಿಂದು ಟಿವಿ ಮ್ಯಾಲ ಹಾಕಿದ್ಲು. ಒಂದು ನಕಾಶಿ, ಅದರಾಗ ಹಾವಿನಂಗ ದಾರಿ. ಎಲ್ಲಾರ ಸೈಕಲ್ಲಿಗೂ ಒಂದೊಂದು ಚಿಪ್ ಕಟ್ಟಿರತಾರ, ನಮಗ ಬೇಕಾದವರದು ಒಂದು ನೀಲಿ ಚುಕ್ಕಿ ಆಗಿ ಕಾಣಸತದ. ಹಿಂದ ಒಂದು ಕೆಂಪು ಚುಕ್ಕಿ. ಅದೇನವಾ ಅಂದೆ. ಅದೇ ಕಸಬರಿಗಿ ಗಾಡಿ ಅಂದ್ಲು. ಆ ಕೆಂಪು ಚುಕ್ಕಿ ನೋಡಿ ನನ್ನ ಜೀವಕ್ಕ ಎಷ್ಟು ತಂಪಾತು ಅಂತೀರಿ.

ಮೊದಲಿಗೆ ನೀಲಿ ಚುಕ್ಕಿ ಭಾಳ ಮುಂದ ಇತ್ತು. ಮೊದಲನೇ ಸಣ್ಣ ಘಾಟ ಹತ್ತೂದರಾಗ ಅಂತರ ಕಡಿಮಿ ಆತು. ಗಲಿಬಿಲಿ ಸುರು ಆದ ಮ್ಯಾಲ ನೀಲಿ ಚುಕ್ಕಿ ತೆವಳಾಕತ್ತು. ನಡನಡಬರಕ ನಿಂತೇ ಬಿಡತಿತ್ತು. ನಿಂತಾಗ ನಾ ಉಸರಾಡತಿರಲಿಲ್ಲ, ಮತ್ತ ಹೊಂಟಾಗ ಬೈತಿದ್ದೆ. ಯಾವ ಹೆಂಡತಿನರ ಗಂಡನ್ನ ಹಿಂದ ಹಾಕಪ್ಪಾ ಅಂತ ಬೇಡತಾಳೇನು. ನಾ ಬೇಡಿದೆ. ದೇವರ ಮುಂದ ದೀಪಾ ಹಚ್ಚಿ, ಆ ಗಾಡಿ ಗಾಲಿಗೆ ಜೋರ ಕೊಡು, ಅವರ ಕಾಲಿನ ಜೋರ ಕಸಗೋ, ಬೇಕಾದ್ರ ಟಾಯರ್ ಪಂಚರ್ ಮಾಡು, ಒಟ್ಟ ಗಾಡ್ಯಾಗ ಹಾಕು ಅಂದೆ. ಮಗಳು ಪಪ್ಪಾಗ ಕೇಳಸ್ತಂದ್ರ ಅಂತ ಇಂಗ್ಲಿಷಿನಾಗ ಅಂದು ನಗಾಕ ಹೋದಾಕಿ ಅಳಾಕತ್ತಿದ್ಲು.

ಮಧ್ಯಾಹ್ನ ಊಟದ ಹೊತ್ತು ಮೀರಿತ್ತು, ಆಗ ಕೆಂಪು ಚುಕ್ಕಿ ನೀಲಿ ಚುಕ್ಕಿಗೆ ಬಂದು ಮುಟ್ತು. ಎರಡೂ ಒಂದೀಟು ಹೊತ್ತು ನಿಂತ್ವು. ಆಮ್ಯಾಲೆ ಎರಡೂ ಕೂಡೇ ಹೊಂಟ್ವು, ಜೋರಿಲೆ.

ನಾ ಎದ್ದು ಮಗಳನ್ನ ತೆಕ್ಕಿಬಡದೆ. ಗಾಡಿ ಹತ್ತಿದ್ರು, ಮಾತು ಉಳಿಸಿಕೊಂಡ್ರು. ಒಳಗೊಳಗ ಒಂದು ಅಂಜಿಕಿ ಇತ್ತು, ಗಾಡಿ ಹತ್ಯಾರಂದ್ರ ಎದಿ ನೊಂದಿರಬೇಕಲ್ಲ ಅಂತ. ಆದ್ರ ಗಾಡ್ಯಾಗ ಮಂದಿ ಇರತಾರ, ಔಷಧ ಇರತದ, ಕೆಳಗ ಡಾಕ್ಟರು ಇರತಾರ. ಸುರಂಗದ ನೆತ್ತಿ ಮ್ಯಾಲಿಂದ ಎರಡೂ ಚುಕ್ಕಿ ಹಾದು ಇಳಿಯಾಕತ್ತಾಗ, ಅಂತೂ ಕುಂತಾದ್ರೂ ಘಾಟ ದಾಟಿದ್ರಲ್ಲ ಅಂತ ಚ್ಯಾಷ್ಟಿ ಮಾಡಿದೆ. ಮನಿಗೆ ಬಂದ ಮ್ಯಾಲ ಮಾರಿ ಊದಿಸಿಕೊಂಡು ಕುಂಡ್ರತಾರ, ಏನು ಹೇಳಿ ಸಮಾಧಾನ ಮಾಡಲಿ ಅಂತ ವಿಚಾರ ಮಾಡಿಕೋಂತ ಸಜ್ಜಕಕ್ಕ ರವಾ ಹುರದೆ. ಇಬ್ಬರೂ ಹೊಟ್ಟಿತುಂಬ ಉಂಡಿವಿ.

ಫೋನ್ ಮಾಡಿದ್ರ ಎತ್ತಲಿಲ್ಲ. ನಾಚಿಗಿಯಿಂದ ಎತ್ತವಲ್ಲರು ಅಂದೆ. ಚುಕ್ಕಿ ಕಡೇಕ ಊರು ಮುಟ್ಟಿ ನಿಂತು ಎಷ್ಟೋ ಹೊತ್ತಾದ್ರೂ ಎತ್ತಲಿಲ್ಲ. ಮಗಳು ರೇಸಿನವರ ಸಹಾಯದ ನಂಬರಿಗೆ ಹಚ್ಚಿದ್ಲು. ಹೆಂಡತಿ ಜೋಡಿನೇ ಮಾತಾಡತೀನಿ ಅಂದ್ಲಂತ ಅಲ್ಲಿ ಫೋನ್ ಎತ್ತಿದ ಹೆಣ್ಣಮಗಳು, ಫೋನ್ ನನ್ನ ಕೈಗೆ ಬಂತು. ಆಕಿ ತನ್ನ ಫ್ರೆಂಚ್ ಬಾಯಿಲೆ ಇಂಗ್ಲಿಷಿನಾಗ ಹೇಳಿದ್ದು ಇಷ್ಟು: "ಮೇಡಂ, ಯುವರ್ ಹಸ್ಬೆಂಡ್ ಹ್ಯಾಸ್ ಅಬ್ಯಾಂಡನ್ಡ್."

ಅಬ್ಯಾಂಡನ್ ಅಂದ್ರ ಬಿಟ್ಟು ಹೋಗೂದು ಅಂತ ನನಗ ಗೊತ್ತದ. ಹೆಂಡತಿ ಮಕ್ಕಳನ್ನ ನಡನೀರಾಗ ಕೈಬಿಟ್ಟು ಹೋದವರಿಗೆ ಈ ಊರಾಗ ಆ ಮಾತು ಅಂತಾರ. ಮಗಳು ಫೋನ್ ಕಸಗೊಂಡು ಕೇಳಿ ಹೇಳಿದ್ಲು, ಸೈಕಲ್ ರೇಸಿನಾಗ ನಡಬರಕ ಬಿಟ್ಟುಕೊಟ್ಟವರಿಗೆ ಹಂಗಂತಾರ, ಬ್ಯಾರೆ ಏನಿಲ್ಲ ಅಂತ. ಅದು ತಿಳದು ಉಸರು ಬಿಡೂದರಾಗ ಎರಡನೇ ಮಾತು ಬಂತು. ಇವರು ಗಾಡ್ಯಾಗ ಇಲ್ಲ.

ಆ ಹೆಣ್ಣಮಗಳು ಗಾಡಿಯವರನ್ನ ಕೇಳಿ ಮತ್ತ ಫೋನ್ ಮಾಡಿದ್ಲು. ಗಾಡಿ ಬಂದು ಬಾಜೂಕ ನಿಂತಾಗ ಇವರು ಸೈಕಲ್ಲಿಗೆ ಕಟ್ಟಿದ ನಂಬರ್ ಬಿಚ್ಚಿ, ಚಿಪ್ ಬಿಚ್ಚಿ ಅವರ ಕೈಯಾಗ ಇಟ್ಟಾರ. ನಂಬರ್ ಕೊಟ್ಟವ ಆಮ್ಯಾಲೆ ರೇಸಿನವ ಅಲ್ಲ, ಬೇಕಾದ್ರ ತನ್ನ ಹೊಣಿ ಮ್ಯಾಲ ತಾನು ಹೋಗಬಹುದು, ಅವರು ಹಿಡದು ಎಳಿಯಂಗಿಲ್ಲ. ಬ್ಯಾನಿ ಏನರ ಅದನು ಅಂತ ಗಾಡಿಯವ ಕೇಳ್ಯಾನ. ಇವರು ಎದಿ ಮ್ಯಾಲ ಕೈ ಇಟ್ಟುಕೊಂಡು ನಕ್ಕು, ನೋ ಪ್ರಾಬ್ಲಂ ಅಂದಾರ. ಅಂದು, ಸೈಕಲ್ ಹತ್ತಿ ಮ್ಯಾಲಕ್ಕ ಹೊಂಟಾರ. ನಾ ಸಜ್ಜಕ ತಿನ್ನೂವಾಗ ನೋಡಿದ್ದು ಗಾಡ್ಯಾಗ ಹೊಂಟ ಬರೇ ಒಂದು ಚಿಪ್.

ಅಲ್ಲಿಂದ ಮುಂದ ನನಗ ಚುಕ್ಕಿನೂ ಇಲ್ಲ, ಗಾಡಿನೂ ಇಲ್ಲ. ಟಿವಿ ಮ್ಯಾಲ ದಾರಿ ಒಂದೇ ಉಳದಿತ್ತು. ಮಗಳು ಅಲ್ಲಿ ಪೋಲೀಸರಿಗೆ ಹಚ್ಚಿ ಸಾಲ್ಯಾಗ ಕಲತ ಫ್ರೆಂಚಿನಾಗ ತಡವರಿಸಿ ತಡವರಿಸಿ ಹೇಳಿದ್ಲು. ನೋಡತೀವಿ ಅಂದ್ರು. ನಾ ಇವರ ಫೋನಿಗೆ ಹಚ್ಚೇ ಹಚ್ಚಿದೆ. ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಹೋದೆ, ಎಲ್ಲಿಗೆ ಹೋಗಲಿ ಅಂತ ತಿಳೀಲಿಲ್ಲ, ಸ್ಟೇಷನ್ ತನಕ ಹೋಗಿ ವಾಪಸ್ ಬಂದೆ. ವಿಮಾನ ತಲಿ ಮ್ಯಾಲೇ ಹೋಗತಿದ್ವು, ಅದರಾಗ ಯಾವುದೋ ಒಂದು ಆ ಬೆಟ್ಟದ ಮ್ಯಾಲಿಂದನೇ ಹಾಯತದ ಅನ್ನಿಸ್ತು.

ಮಗಳಿಗೆ ಒಂದು ಮಾತು ಹೇಳಿಕೋಂತ ಕುಂತೆ. ಎದಿ ನೊಂದಿಲ್ಲವಾ, ನೊಂದಿದ್ರ ಗಾಡಿ ಹತ್ತತಿದ್ರು, ನನ್ನ ಆಣಿ ಮಾಡ್ಯಾರ, ನಿಮ್ಮಪ್ಪ ಅದನ್ನ ಮುರಿಯೂ ಮನಷ್ಯಾ ಅಲ್ಲ. ಗಾಡಿಯವ ಕೇಳಿದಾಗ ಇಲ್ಲ ಅಂದಾರಂದ್ರ ಇಲ್ಲನೇ. ಎಲ್ಲೋ ಚಾ ಕುಡಕೋಂತ ಕುಂತಿರತಾರ, ಫೋನ್ ಬ್ಯಾಟರಿ ಹೋಗಿರತದ. ಮಗಳು ಹ್ಞೂಂ ಹ್ಞೂಂ ಅಂದ್ಲು. ಆಕಿಗೆ ಸಮಾಧಾನ ಹೇಳತೀನಿ ಅಂತ ನಾ ತಿಳಕೊಂಡಿದ್ದೆ, ಆಕಿ ನನ್ನ ಕೈ ಬಿಡದಂಗ ಹಿಡದಿದ್ಲು.

ಆ ಘಾಟದ ತುದಿಗೆ ಒಂದು ಕ್ಯಾಮರಾ ಅದ, ಹವಾ ಹೆಂಗದ ಅಂತ ಮಂದಿ ನೋಡಲಿ ಅಂತ ಇಟ್ಟದ್ದು. ಅದು ಸಿನಿಮಾದಂಗ ಓಡಂಗಿಲ್ಲ, ಒಂದು ಫೋಟೋ ಬರತದ, ಭಾಳ ಹೊತ್ತಿಗೆ ಇನ್ನೊಂದು ಬರತದ. ನಾವಿಬ್ಬರೂ ಅದರ ಮುಂದ ಕುಂತಿವಿ. ಒಂದು ಫೋಟೋದಾಗ ಮಂಜು. ಇನ್ನೊಂದರಾಗ ಒಂದು ಮೋಟಾರ್ ಸೈಕಲ್. ಮತ್ತೊಂದರಾಗ ದಾರಿ ಬಾಜೂಕ ಒಬ್ಬ ಮನಷ್ಯಾ ನಿಂತಂಗಿತ್ತು, ಸೊಂಟದ ಮ್ಯಾಲ ಕೈ ಇಟ್ಟುಕೊಂಡು, ಥೇಟ್ ಇವರು ನಿಂದ್ರೂ ಹಂಗ. ಇವರೇ ಇವರೇ ಅಂತ ಟಿವಿ ಮುಟ್ಟಿ ತೋರಿಸಿದೆ. ಕಂಬ ಮಮ್ಮಿ, ಹಿಮದ ಕಾಲಕ್ಕ ದಾರಿ ತಿಳೀಲಿ ಅಂತ ನಟ್ಟ ಕಂಬ ಅದು ಅಂದ್ಲು. ಮುಂದಿನ ಫೋಟೋದಾಗೂ ಅಲ್ಲೇ ನಿಂತಿತ್ತು, ಅದರ ಮುಂದಿಂದರಾಗೂ. ಕಂಬನೇ ಆಗಿತ್ತು.

ಹೊರಗ ಇನ್ನೂ ಬೆಳಕಿತ್ತು, ಆಗ ಫೋನ್ ಬಂತು. ಫ್ರಾನ್ಸಿನ ನಂಬರ್, ಘಾಟದ ಆಚೆ ಬಾಜೂದ ಊರಿನ ಆಸ್ಪತ್ರಿದು. ಮಗಳೇ ಎತ್ತಿ ಕೇಳಿದ್ಲು, ಕೇಳಿಕೋಂತ ನನಗ ಹೇಳಿದ್ಲು. ತುದಿ ದಾಟಿ ಮೊದಲನೇ ತಿರುವಿನಾಗ ಬಿದ್ದಿದ್ರಂತ. ಕಾರಿನಾಗ ತಿರಗಾಡಾಕ ಬಂದ ಗಂಡಾ ಹೆಂಡತಿ ಯಾರೋ ಕಂಡು ಕರಕೊಂಡು ಬಂದಾರ. ಹೃದಯಾಘಾತ. ಎಚ್ಚರ ಅದಾರ. ಇಲ್ಲಾಗಂಗಿಲ್ಲ, ದೊಡ್ಡ ಆಸ್ಪತ್ರಿಗೆ ಹೆಲಿಕಾಪ್ಟರಿನಾಗ ಒಯ್ಯತಾರ, ಅದಕ್ಕ ಮೊದಲು ಹೆಂಡತಿ ಜೋಡಿ ಮಾತಾಡತೀನಿ ಅಂತ ಹಟಾ ಹಿಡದಾರ.

ಫೋನ್ ಕಿವಿಗೆ ಇಟ್ಟುಕೊಂಡೆ. ಬರೇ ಉಸರು ಕೇಳಸ್ತು. ಆಮ್ಯಾಲೆ ದನಿ.

"ನೀ ಆರಾಮ ಇದ್ದಿ?"

ನಮ್ಮ ಕಡೆ ಫೋನ್ ಎತ್ತಿದ ಕೂಡಲೇ ಎಲ್ಲಾರೂ ಕೇಳೂ ಮಾತು ಅದು. ಸಾಯಾಕತ್ತಾಗೂ ರೂಢಿ ಬಿಡಂಗಿಲ್ಲ ಈ ಮನಷ್ಯಾ ಅನ್ನಿಸ್ತು. ನಂದಿರಲಿ ಬಿಡ್ರಿ, ನಿಮಗ ಹೆಂಗದ, ಎಲ್ಲಿ ನೋಯಾಕತ್ತದ ಅಂದೆ.

"ಅದಿರಲಿ. ನಿನಗೇನೂ ಆಗಿಲ್ಲಲ್ಲ? ಎದ್ಯಾಗ ಏನರ, ತಲಿ ಸುತ್ತೂದು ಏನರ?"

ನನಗೇನಾಗತದ, ಮನ್ಯಾಗ ಕುಂತೀನಿ ಅಂದೆ. ಔಷಧದ ಮಂಪರಿನಾಗ ಬಡಬಡಸತಾರ ಅಂದುಕೊಂಡೆ.

"ಖರೇ ಹೇಳು. ಆರಾಮ ಇದ್ದಿ?"

ಮೂರನೇ ಸಲ ಕೇಳಿದಾಗ ನನಗ ತಿಳೀತು. ಎದಿ ನೊಂದಿತ್ತು. ಗಾಡಿ ಬಂದು ಬಾಜೂಕ ನಿಂತಾಗಲೇ ನೊಂದಿತ್ತು. ಎದಿ ಮ್ಯಾಲ ಕೈ ಇಟ್ಟುಕೊಂಡದ್ದು ಅದಕ್ಕೇ. ಬಾಗಲಾ ತಗದು ನಿಂತ ಗಾಡಿ ಒಂದು ಕಡಿ, ಮ್ಯಾಲ ಕಾಣೂ ತುದಿ ಒಂದು ಕಡಿ, ನಡಬರಕ ನನ್ನ ತಲಿ. ಇವರು ನನ್ನ ಮರತಿರಲಿಲ್ಲ. ನನ್ನ ನೆನಪಿಟ್ಟುಕೊಂಡೇ, ನಾ ಸಾಯತೀನಿ ಅಂತ ಗಟ್ಟಿ ನಂಬಿಕೊಂಡೇ, ಪೆಡಲ್ ಮ್ಯಾಲ ಕಾಲು ಇಟ್ಟಾರ. ಈಗ ನಾ ಇನ್ನೂ ಇದ್ದೀನೇನು ಅಂತ ಕೇಳಾಕ ಹೆಲಿಕಾಪ್ಟರ್ ನಿಂದರಿಸ್ಯಾರ.

ಬಾಯಿ ತುದಿಗೆ ಏನೇನು ಬಂದಿತ್ತು ಅಂತ ಇಲ್ಲಿ ಬರಿಯಂಗಿಲ್ಲ. ಆ ಕಡಿ ಉಸರು ಕಾಯತಿತ್ತು.

"ಆರಾಮ ಇದ್ದೀನ್ರಿ," ಅಂದೆ.

"ಖರೇ?"

"ಖರೇ."

ಉದ್ದಕ ಒಂದು ಉಸರು ಬಿಟ್ಟರು. "ಹಂಗಾರ ಫೋನ್ ಇಡಲಿ?" ಅಂದ್ರು. ಇಡ್ರಿ ಅಂದೆ.

ಮರುದಿನ ನಾವಿಬ್ಬರೂ ಅಲ್ಲಿ ಮುಟ್ಟೂದರಾಗ ಮುಗದಿತ್ತು. ಮಾತಾಡಸಾಕ ಮನಿಗೆ ಬಂದ ಮಂದಿ ಎಲ್ಲಾ, ಆಸೆ ತೀರಿಸಿಕೊಂಡು ಘಾಟ ಹತ್ತಿಯಾದ್ರೂ ಹೋದ್ರಲ್ಲ ಅಂತಾರ. ಹತ್ತಿದ್ರು, ಹೌದು. ಯಾರನ್ನ ಹೊತ್ತಗೊಂಡು ಹತ್ತಿದ್ರು ಅಂತ ನಾ ಮಗಳಿಗೂ ಹೇಳಿಲ್ಲ. ಊರಿಂದ ಇನ್ನೂ ಫೋನ್ ಬರತಾವು, ಎತ್ತಿದ ಕೂಡಲೇ ಆರಾಮ ಇದ್ದಿಯೇನವಾ ಅಂತ ಕೇಳತಾರ. ನಮ್ಮನಿಯವರ ಲೆಕ್ಕದಾಗ ಹೋಗಬೇಕಾದಾಕಿ ನಾ ಆಗಿದ್ದೆ. ಆರಾಮ ಇದ್ದೀನಿ ಅಂತೀನಿ.